ಹಿಮ ಕರಗುವ ಸರೋವರ, ನೀರು ನಿಂತ ಕೆರೆ
ವಲಸೆ ಬಾತುಗಳನ್ನು ನೋಡುವ, ಗುರುತಿಸುವ, ಬರೆದಿಡುವ ಕೆಲಸ

(ದೇವರಮನೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಪಕ್ಷಿವೀಕ್ಷಣಾ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ದೇವರಮನೆಯ ಗುಡ್ಡಗಳಲ್ಲಿ ಮಂಜು ಎಂದರೆ ಮುಂಜಾನೆ ಹುಲ್ಲುಗಾವಲನ್ನು ಮುಚ್ಚಿ, ಬಿಸಿಲೇರಿದಂತೆ ಚದುರಿ ಹೋಗುವ ಮಂಜು. ನೀರು ಕಲ್ಲಿನಂತೆ ಗಟ್ಟಿಯಾಗುವುದನ್ನು ಈ ಸೀಮೆಯ ಹಳ್ಳವಾಗಲಿ ಕೆರೆಯಾಗಲಿ ಕಂಡಿಲ್ಲ. ಆದರೂ ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೆ ಬಂದಿಳಿಯುವ ಬಾತುಗಳ ಬದುಕನ್ನು ನಿರ್ಧರಿಸುವುದು ದೂರದ ಸರೋವರಗಳ ಮಂಜುಗಡ್ಡೆಯೇ. ಲಡಾಖ್, ಟಿಬೆಟ್, ಮಂಗೋಲಿಯಾಗಳ ಸರೋವರಗಳು ಹೆಪ್ಪುಗಟ್ಟತೊಡಗಿದಾಗ ಅವು ದಕ್ಷಿಣಕ್ಕೆ ಹೊರಡುತ್ತವೆ. ಅಲ್ಲಿ ಹಿಮ ಕರಗುವ ಕಾಲ ಸಮೀಪಿಸಿದಾಗ ಇಲ್ಲಿನ ಕೆರೆಗಳನ್ನು ತೊರೆಯುತ್ತವೆ.

ಒಂದು ಹಕ್ಕಿಯ ಒಂದು ವರ್ಷಕ್ಕೆ ಹೀಗೆ ಎರಡು ನೀರುಗಳು ಬೇಕು. ಉತ್ತರದಲ್ಲಿ ಸಕಾಲಕ್ಕೆ ಕರಗುವ ಸರೋವರ ಒಂದು, ದಕ್ಷಿಣದಲ್ಲಿ ಚಳಿಗಾಲ ಮುಗಿಯುವವರೆಗೆ ಬತ್ತದೆ, ಕೆಡದೆ ನಿಲ್ಲುವ ಕೆರೆ ಇನ್ನೊಂದು. ಮೊದಲನೆಯದರ ಮೇಲೆ ಮಲೆನಾಡಿಗರಿಗೆ ಯಾವ ಹಿಡಿತವೂ ಇಲ್ಲ. ಎರಡನೆಯದರ ಮೇಲೆ ಬಹಳಷ್ಟಿದೆ, ಏಕೆಂದರೆ ಬಯಲುಸೀಮೆಯ ಹಲವು ಕೆರೆಗಳ ನೀರು ಹುಟ್ಟುವುದು ಈ ಬೆಟ್ಟಗಳಲ್ಲಿ. ಹಕ್ಕಿಯನ್ನು ನೋಡುವುದು, ಹೆಸರು ಹಿಡಿದು ಗುರುತಿಸುವುದು, ದಿನಾಂಕ ಹಾಕಿ ಬರೆದಿಡುವುದು ಬಿಡುವಿನ ವೇಳೆಯ ಹವ್ಯಾಸವಾಗಿಯಷ್ಟೇ ಉಳಿಯಬೇಕಾಗಿಲ್ಲ. ನೀರಿನ ಕಾವಲಿಗೆ ಬೇಕಾದ ತಿಳಿವಳಿಕೆ ಅಲ್ಲಿಂದಲೇ ಆರಂಭವಾಗುತ್ತದೆ.

ಸರೋವರದಲ್ಲಿ ಹಿಮ ಒಡೆಯುವ ಕಾಲ

ವಲಸೆ ಬರುವ ನೀರುಹಕ್ಕಿಗಳಲ್ಲಿ ಪಟ್ಟೆತಲೆ ಹೆಬ್ಬಾತಿನ ಕಥೆ ಹೆಚ್ಚು ಸ್ಪಷ್ಟವಾಗಿ ತಿಳಿದಿದೆ. ಅದು ಮರಿ ಮಾಡುವ ತಾಣಗಳಲ್ಲಿ ಮೂರನ್ನು ಹೆಸರಿಸಬಹುದು. ಲಡಾಖಿನ ತ್ಸೊ ಮೊರಿರಿ ಸರೋವರ ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಚೀನಾದ ಚಿಂಗ್‌ಹೈ ಸರೋವರ ಸುಮಾರು 3,200 ಮೀಟರ್ ಎತ್ತರದಲ್ಲಿದೆ. ಮಂಗೋಲಿಯಾದ ತೆರ್ಖಿನ್ ತ್ಸಗಾನ್ ಸರೋವರ ಸುಮಾರು 2,000 ಮೀಟರ್ ಎತ್ತರದಲ್ಲಿದ್ದರೂ ಹೆಚ್ಚು ಉತ್ತರದಲ್ಲಿರುವುದರಿಂದ ವರ್ಷದ ಅರ್ಧದಷ್ಟು ಕಾಲ ಮಂಜುಗಡ್ಡೆಯ ಕೆಳಗಿರುತ್ತದೆ.

ಇಂಥ ಸರೋವರ ಒಮ್ಮೆಲೇ ಕರಗುವುದಿಲ್ಲ. ಹೊಳೆಗಳು ಬಂದು ಸೇರುವ ಬಾಯಿಗಳಲ್ಲಿ, ಬೇಗ ಕಾಯುವ ಆಳವಿಲ್ಲದ ದಡಗಳಲ್ಲಿ ಮೊದಲು ನೀರು ತೆರೆದುಕೊಳ್ಳುತ್ತದೆ. ನಡುವಿನ ಗಡ್ಡೆ ಬಿಸಿಲಿಗೆ ಸಡಿಲಗೊಂಡು, ಗಾಳಿಗೆ ಒಡೆದು, ತುಂಡು ತುಂಡಾಗಿ ದಡಕ್ಕೆ ಬಡಿಯುತ್ತದೆ. ದಕ್ಷಿಣದಿಂದ ಮರಳಿದ ಹೆಬ್ಬಾತುಗಳು ಆ ಮೊದಲ ತೆರೆದ ನೀರಿನ ಪಟ್ಟಿಗಳಲ್ಲಿ ಗುಂಪುಗೂಡುತ್ತವೆ. ಅವುಗಳ ಪಕ್ಕದಲ್ಲಿ ಕಿತ್ತಳೆಗಂದು ಮೈಯ ಚಕ್ರವಾಕಗಳೂ ಇರುತ್ತವೆ. ಇನ್ನೂ ಗಡ್ಡೆಯಾಗಿಯೇ ಉಳಿದಿರುವ ಬಿಳಿಯ ಹರವಿನ ಅಂಚಿನಲ್ಲಿ, ಅಂಗೈಯಗಲದ ನೀರಿಗಾಗಿ ಕಾದು ಕುಳಿತ ಹಕ್ಕಿಗಳನ್ನು ನೋಡುವುದು ಅಲ್ಲಿನ ಪಕ್ಷಿವೀಕ್ಷಕರಿಗೆ ವಸಂತದ ಮೊದಲ ಸೂಚನೆ.

ಹಿಮ ಕರಗುವುದಕ್ಕೂ ಗೂಡು ಕಟ್ಟುವುದಕ್ಕೂ ನೇರ ಸಂಬಂಧವಿದೆ. ಹೆಬ್ಬಾತುಗಳು ಸರೋವರದ ನಡುವಿನ ದ್ವೀಪಗಳಲ್ಲಿ ನೆಲದ ಮೇಲೆ ಗೂಡು ಮಾಡಲು ಇಷ್ಟಪಡುತ್ತವೆ. ಸುತ್ತಲಿನ ನೀರೇ ಅವುಗಳ ಕೋಟೆ. ಆದರೆ ಮಂಜುಗಡ್ಡೆ ಇರುವವರೆಗೆ ದ್ವೀಪವು ದ್ವೀಪವಾಗಿರುವುದಿಲ್ಲ. ನರಿ, ತೋಳಗಳು ಗಡ್ಡೆಯ ಮೇಲೆ ನಡೆದು ಮೊಟ್ಟೆಗಳನ್ನು ತಲುಪಬಲ್ಲವು. ತಡವಾಗಿ ಕರಗಿದರೆ ಇನ್ನೊಂದು ತೊಂದರೆ: ಮೊಟ್ಟೆಗೆ ಸುಮಾರು ನಾಲ್ಕು ವಾರ ಕಾವು ಬೇಕು, ಹೊರಬಂದ ಮರಿಗೆ ರೆಕ್ಕೆ ಬಲಿಯಲು ಏಳೆಂಟು ವಾರ ಬೇಕು, ಅಷ್ಟರಲ್ಲಿ ಮುಂದಿನ ಚಳಿ ಬಂದುಬಿಡುತ್ತದೆ. ಮರಿ ಮೊಟ್ಟೆಯಿಂದ ಹೊರಬಂದ ಸ್ವಲ್ಪ ಕಾಲದಲ್ಲೇ ತಾಯ್ತಂದೆಯರ ಹಿಂದೆ ನಡೆದು ಹುಲ್ಲು ಮೇಯತೊಡಗುವುದರಿಂದ ಎಳೆಹುಲ್ಲು ಚಿಗುರುವ ಕಾಲಕ್ಕೂ ಅದು ಹೊಂದಿಕೊಳ್ಳಬೇಕು. ಬೇಸಿಗೆಯಲ್ಲಿ ದೊಡ್ಡ ಹಕ್ಕಿಗಳು ಹಾರುವ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸಿ, ಹೊಸ ಗರಿ ಬರುವವರೆಗೆ ಸುಮಾರು ಒಂದು ತಿಂಗಳು ಹಾರಲಾಗದೆ ಉಳಿಯುತ್ತವೆ. ಆ ಅವಧಿಯಲ್ಲಿ ವಿಸ್ತಾರವಾದ ನೀರೇ ಅವುಗಳ ಆಸರೆ.

ಆದ್ದರಿಂದ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಗದಗ ಅಥವಾ ಮೈಸೂರು ಸೀಮೆಯ ಕೆರೆಯಿಂದ ಹೆಬ್ಬಾತುಗಳು ಏಳುವ ದಿನ ಸುಮ್ಮನೆ ಬಂದದ್ದಲ್ಲ. ಎರಡರಿಂದ ನಾಲ್ಕು ಸಾವಿರ ಕಿಲೋಮೀಟರ್ ದೂರದಲ್ಲಿ ಹಿಮ ಒಡೆಯುವ ಹೊತ್ತಿಗೆ ತಲುಪಬೇಕೆಂಬ ಲೆಕ್ಕ ಅದರಲ್ಲಿದೆ. ಅಲ್ಲಿನ ಹಿಮವನ್ನು ಅವು ಇಲ್ಲಿಂದ ಕಾಣಲಾರವು. ಹಗಲು ಉದ್ದವಾಗುತ್ತ ಹೋಗುವುದೇ ಅವುಗಳಿಗೆ ಮುಖ್ಯ ಸೂಚನೆ. ದಾರಿಯಲ್ಲಿ ತಂಗುತ್ತ, ಅಲ್ಲಲ್ಲಿನ ಹವೆಯನ್ನು ಅನುಸರಿಸಿ ವೇಗವನ್ನು ಹೊಂದಿಸಿಕೊಳ್ಳುತ್ತ ಅವು ಉತ್ತರಕ್ಕೆ ಸಾಗುತ್ತವೆ.

ಹಂಸಗಳು ಮಾನಸ ಸರೋವರಕ್ಕೆ ಹೋಗುತ್ತವೆ ಎಂಬ ಮಾತು ಈ ದೇಶದ ಕಾವ್ಯಗಳಲ್ಲಿ ಬಹಳ ಹಳೆಯದು. ಕಾಳಿದಾಸನ ಮೇಘದೂತದಲ್ಲಿ ರಾಜಹಂಸಗಳು ಕೈಲಾಸದವರೆಗೆ ಮೋಡದ ಜೊತೆಗಾರರಾಗುತ್ತವೆ. ಆ ಹಂಸ ಈ ಪಟ್ಟೆತಲೆ ಹೆಬ್ಬಾತೇ ಎಂದು ಹೇಳುವ ವಿದ್ವಾಂಸರಿದ್ದಾರೆ. ಕಾವ್ಯದ ಹಂಸಗಳು ಮಳೆಗಾಲದ ಆರಂಭದಲ್ಲಿ ಹೊರಡುತ್ತವೆ. ಕೆರೆಯ ಹೆಬ್ಬಾತುಗಳಾದರೋ ಮುಂಗಾರಿಗೆ ಎರಡು ತಿಂಗಳು ಮೊದಲೇ ಹೋಗಿರುತ್ತವೆ. ಹಿಮಾಲಯದ ಆಚೆಗೆ ಇವುಗಳಿಗೊಂದು ಮನೆಯಿದೆ ಎಂಬ ತಿಳಿವಳಿಕೆಯಂತೂ ದುರ್ಬೀನು ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಇಲ್ಲಿ ಇತ್ತು.

ಪರ್ವತವನ್ನು ದಾಟುವ ಬಗೆ

ಈ ಹಕ್ಕಿ ಎರಡರಿಂದ ಮೂರು ಕಿಲೋಗ್ರಾಂ ತೂಗುತ್ತದೆ. ಅಷ್ಟು ಭಾರವನ್ನು ಹೊತ್ತು ಅದು ಹಿಮಾಲಯವನ್ನು ಹೇಗೆ ದಾಟುತ್ತದೆ ಎಂಬುದು ಬಹುಕಾಲ ಊಹೆಯ ವಿಷಯವಾಗಿತ್ತು. ಉಪಗ್ರಹಕ್ಕೆ ಸಂಕೇತ ಕಳುಹಿಸುವ ಪುಟ್ಟ ಸಾಧನಗಳನ್ನು ಹಕ್ಕಿಗಳಿಗೆ ಕಟ್ಟಿ ನಡೆಸಿದ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಬಯಲಿನಿಂದ ಪರ್ವತದ ನೆತ್ತಿಯವರೆಗಿನ ಏರನ್ನು ಅವು ಏಳೆಂಟು ಗಂಟೆಗಳಲ್ಲಿ ಮುಗಿಸಬಲ್ಲವು ಎಂದು ಅದರಿಂದ ತಿಳಿದುಬಂತು. ಹಗಲಿನಲ್ಲಿ ಕಣಿವೆಯಿಂದ ಮೇಲಕ್ಕೆ ಬೀಸುವ ಗಾಳಿಯ ನೆರವನ್ನು ಪಡೆಯದೆ, ಅವು ಹೆಚ್ಚಾಗಿ ರಾತ್ರಿಯಲ್ಲಿ ಮತ್ತು ನಸುಕಿನಲ್ಲಿ ಹಾರುತ್ತವೆ. ತಣ್ಣನೆಯ ಗಾಳಿ ದಟ್ಟವಾಗಿದ್ದು ರೆಕ್ಕೆಗೆ ಹೆಚ್ಚು ಆಧಾರ ಕೊಡುತ್ತದೆ, ಉಸಿರಿಗೆ ಹೆಚ್ಚು ಆಮ್ಲಜನಕ ಒದಗಿಸುತ್ತದೆ.

2015ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ಅವು ಒಂದೇ ಎತ್ತರವನ್ನು ಕಾಯ್ದುಕೊಳ್ಳದೆ ನೆಲದ ಏರಿಳಿತಗಳನ್ನೇ ಅನುಸರಿಸಿ ಹಾರುತ್ತವೆ ಎಂದು ತೋರಿಸಿತು. ಗಳಿಸಿದ ಎತ್ತರವನ್ನು ಬಿಟ್ಟುಕೊಟ್ಟು ಮತ್ತೆ ಏರುವುದು ವ್ಯರ್ಥವೆನಿಸಿದರೂ, ವಿರಳವಾದ ಗಾಳಿಯಲ್ಲಿ ರೆಕ್ಕೆ ಬಡಿಯುವ ಶ್ರಮಕ್ಕಿಂತ ಅದು ಅಗ್ಗ. ಇಂಥ ಹಕ್ಕಿಯೊಂದು 7,290 ಮೀಟರ್ ಎತ್ತರವನ್ನು ಮುಟ್ಟಿದ್ದು ದಾಖಲಾಗಿದೆ. ಅವುಗಳ ರಕ್ತದ ಹಿಮೋಗ್ಲೋಬಿನ್, ಬಯಲುವಾಸಿ ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯಬಲ್ಲದು.

ಈ ಪ್ರಯಾಣದ ಇಂಧನ ಮೈಯಲ್ಲಿ ಶೇಖರವಾದ ಕೊಬ್ಬು. ಹಿಂದಿರುಗುವ ಪ್ರಯಾಣಕ್ಕೆ ಬೇಕಾದ ಕೊಬ್ಬು ಕೂಡಿಕೊಳ್ಳತೊಡಗುವುದು ಜನವರಿಯಿಂದ ಮಾರ್ಚ್‌ವರೆಗೆ, ಇಲ್ಲಿನ ಕೆರೆ ಮತ್ತು ಹೊಲಗಳಲ್ಲಿ. ಛಾಯಾಚಿತ್ರಕ್ಕಾಗಿ ಹತ್ತಿರ ಹೋಗಿ ಹಿಂಡನ್ನು ಎಬ್ಬಿಸಿದಾಗಲೆಲ್ಲ ಆ ಕೂಡಿಟ್ಟ ಶಕ್ತಿಯಲ್ಲಿ ಒಂದಷ್ಟು ವ್ಯಯವಾಗುತ್ತದೆ. ಹಕ್ಕಿಯನ್ನು ದೂರದಿಂದಲೇ ನೋಡಬೇಕೆಂಬ ನಿಯಮದ ಹಿಂದೆ ಇರುವುದು ಈ ಲೆಕ್ಕ.

ದಡದಲ್ಲಿ ಕುಳಿತು ಗುರುತಿಸುವ ಕ್ರಮ

ಬೇಕಾದ ಸಲಕರಣೆ ಬಹಳವಿಲ್ಲ. ಎಂಟು ಪಟ್ಟು ಹಿಗ್ಗಿಸುವ ಒಂದು ದುರ್ಬೀನು, ಒಂದು ಟಿಪ್ಪಣಿ ಪುಸ್ತಕ, ಒಂದು ಪೆನ್ಸಿಲ್ ಸಾಕು. ಬೆಳಿಗ್ಗೆ ಪೂರ್ವದ ದಡದಲ್ಲಿ, ಸಂಜೆ ಪಶ್ಚಿಮದ ದಡದಲ್ಲಿ, ಅಂದರೆ ಸೂರ್ಯ ಬೆನ್ನ ಹಿಂದಿರುವಂತೆ ಕುಳಿತುಕೊಳ್ಳಬೇಕು. ಬಿಸಿಲಿಗೆದುರಾಗಿ ನೋಡಿದರೆ ಎಲ್ಲ ಬಾತುಗಳೂ ಕಪ್ಪಾಗಿಯೇ ಕಾಣುತ್ತವೆ.

ಹೊಸಬರು ಮೊದಲು ಬಣ್ಣವನ್ನು ನೋಡುತ್ತಾರೆ. ಅದರಿಂದಲೇ ಹೆಚ್ಚಿನ ತಪ್ಪುಗಳಾಗುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬರುವ ಗಂಡು ಬಾತುಗಳಲ್ಲಿ ಹಲವು ತಮ್ಮ ಶೃಂಗಾರದ ಗರಿಗಳನ್ನು ಕಳೆದುಕೊಂಡು ಹೆಣ್ಣುಗಳಂತೆಯೇ ಮಾಸಲು ಕಂದಾಗಿರುತ್ತವೆ. ಜನವರಿಯ ಹೊತ್ತಿಗೆ ಅವು ಪೂರ್ಣ ಬಣ್ಣ ತಳೆಯುತ್ತವೆ. ಆದ್ದರಿಂದ ಮೊದಲು ಗಾತ್ರ ಮತ್ತು ಆಕಾರ, ಬಳಿಕ ಕೊಕ್ಕು, ಬಳಿಕ ನಡತೆ, ಕೊನೆಗೆ ಬಣ್ಣ ಎಂಬ ಕ್ರಮವನ್ನು ರೂಢಿಸಿಕೊಳ್ಳುವುದು ಒಳ್ಳೆಯದು.

ಪಟ್ಟೆತಲೆ ಹೆಬ್ಬಾತು ಉಳಿದ ಬಾತುಗಳಿಗಿಂತ ಎದ್ದುಕಾಣುವಷ್ಟು ದೊಡ್ಡದು. ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಅಡ್ಡಪಟ್ಟೆಗಳು, ಕುತ್ತಿಗೆಯ ಪಕ್ಕದಲ್ಲಿ ಇಳಿದುಬರುವ ಬಿಳಿಯ ಗೆರೆ, ಹಳದಿ ಕೊಕ್ಕಿಗೆ ಕಪ್ಪು ತುದಿ, ಕಿತ್ತಳೆ ಹಳದಿ ಕಾಲು. ಅದೇ ವರ್ಷ ಹುಟ್ಟಿದ ಮರಿಗಳಿಗೆ ಆ ಎರಡು ಪಟ್ಟೆಗಳು ಇರುವುದಿಲ್ಲ. ನೆತ್ತಿಯೂ ಹಿಂಗುತ್ತಿಗೆಯೂ ಕಪ್ಪುಗಂದಾಗಿರುತ್ತವೆ. ಈ ವ್ಯತ್ಯಾಸ ಬಹಳ ಉಪಯುಕ್ತ. ಚಳಿಗಾಲದ ಆರಂಭದಲ್ಲಿ ಹಿಂಡಿನ ನೂರು ಹಕ್ಕಿಗಳಲ್ಲಿ ಪಟ್ಟೆಯಿಲ್ಲದವು ಎಷ್ಟು ಎಂದು ಎಣಿಸಿದರೆ, ಹಿಂದಿನ ಬೇಸಿಗೆಯಲ್ಲಿ ದೂರದ ಸರೋವರಗಳಲ್ಲಿ ಮರಿಗಳು ಎಷ್ಟರಮಟ್ಟಿಗೆ ಉಳಿದವು ಎಂಬುದರ ಅಂದಾಜು ಸಿಗುತ್ತದೆ. ಅಲ್ಲಿಗೆ ಹೋಗಿ ನೋಡಲಾಗದವರೂ ಅಲ್ಲಿನ ವರ್ಷ ಹೇಗಿತ್ತೆಂದು ಇಲ್ಲಿ ಕುಳಿತೇ ತಿಳಿಯಲು ಇದೊಂದು ದಾರಿ.

ಚಕ್ರವಾಕವು ಕಿತ್ತಳೆಗಂದು ಮೈಯ, ತಿಳಿಬಣ್ಣದ ತಲೆಯ ದೊಡ್ಡ ಬಾತು. ಕೊಕ್ಕು ಮತ್ತು ಕಾಲು ಕಪ್ಪು. ಹಾರುವಾಗ ರೆಕ್ಕೆಯ ಮುಂಭಾಗದ ಬಿಳುಪು ದೂರಕ್ಕೂ ಹೊಳೆಯುತ್ತದೆ. ಅದು ಹೆಚ್ಚಾಗಿ ಜೋಡಿಯಾಗಿಯೇ ಇರುತ್ತದೆ.

ಸೂಜಿಬಾಲದ ಬಾತು ತೆಳ್ಳನೆಯ, ಉದ್ದ ಕುತ್ತಿಗೆಯ ಹಕ್ಕಿ. ಗಂಡಿನ ತಲೆ ಕಡುಗಂದು, ಎದೆಯ ಬಿಳುಪು ಕುತ್ತಿಗೆಯ ಪಕ್ಕದಲ್ಲಿ ಮೊನಚಾಗಿ ಮೇಲೇರುತ್ತದೆ, ಬಾಲ ಸೂಜಿಯಂತೆ ಚಾಚಿರುತ್ತದೆ. ಹೆಣ್ಣಿಗೆ ಅಷ್ಟು ಉದ್ದದ ಬಾಲವಿಲ್ಲ. ಕುತ್ತಿಗೆಯ ನೀಳತೆಯಿಂದ, ಬೂದು ಕೊಕ್ಕಿನಿಂದ ಅದನ್ನು ತಿಳಿಯಬೇಕು. ಚಲುಕ ಬಾತಿನ ಕೊಕ್ಕು ತುದಿಯಲ್ಲಿ ಸಲಿಕೆಯಂತೆ ಅಗಲ. ನೀರಿನ ಮೇಲೆ ಕೊಕ್ಕು ಚಾಚಿ, ಕೆಲವೊಮ್ಮೆ ಹತ್ತಾರು ಹಕ್ಕಿಗಳು ಒಟ್ಟಾಗಿ ಸುತ್ತು ತಿರುಗುತ್ತ ಆಹಾರ ಸೋಸುವುದು ಅದರ ಪದ್ಧತಿ. ಬಿಳಿಹುಬ್ಬಿನ ಬಾತು ಗಾತ್ರದಲ್ಲಿ ಚಿಕ್ಕದು; ಗಂಡಿಗೆ ಕಣ್ಣಿನ ಮೇಲೆ ಅಗಲವಾದ ಬಿಳಿಯ ಹುಬ್ಬು. ವಲಸೆ ಬಾತುಗಳಲ್ಲಿ ಬೇಗ ಬರುವುದೂ, ತಡವಾಗಿ ಹೋಗುವುದೂ ಹೆಚ್ಚಾಗಿ ಇದೇ.

ಇವುಗಳ ನಡುವೆ ಊರಿನವೇ ಆದ ಹಕ್ಕಿಗಳೂ ಇರುತ್ತವೆ. ಚುಕ್ಕೆಕೊಕ್ಕಿನ ಬಾತಿನ ಕಪ್ಪು ಕೊಕ್ಕಿಗೆ ಹಳದಿ ತುದಿ, ಬುಡದಲ್ಲಿ ಎರಡು ಕೆಂಪು ಚುಕ್ಕೆ. ಸಿಳ್ಳೆ ಬಾತು ಹಾರುವಾಗ ಸಿಳ್ಳೆ ಹಾಕುತ್ತದೆ. ಹಣೆಯಲ್ಲಿ ಬಿಳಿಯ ಗುರುತಿರುವ ಕಪ್ಪು ನಾಮದ ಕೋಳಿಯನ್ನು ಬಾತೆಂದು ಭಾವಿಸುವವರಿದ್ದಾರೆ; ಅದು ಜಂಬುಕೋಳಿಯ ಬಳಗಕ್ಕೆ ಸೇರಿದ್ದು. ಗುಳುಮುಳುಕವಂತೂ ನೋಡುತ್ತಿರುವಂತೆಯೇ ಮುಳುಗಿ ಬೇರೆಡೆ ಏಳುತ್ತದೆ.

ನಡತೆಯೂ ಗುರುತಿಗೆ ನೆರವಾಗುತ್ತದೆ. ಸೂಜಿಬಾಲ, ಚಲುಕ, ಬಿಳಿಹುಬ್ಬಿನ ಬಾತುಗಳು ಬಾಲ ಮೇಲೆತ್ತಿ ತಲೆಯನ್ನಷ್ಟೇ ನೀರಿಗಿಳಿಸಿ, ಇಲ್ಲವೆ ನೀರಿನ ಮೇಲ್ಮೈಯಲ್ಲೇ ಮೇಯುತ್ತವೆ. ಬೆದರಿದಾಗ ಇದ್ದಲ್ಲಿಂದಲೇ ನೇರವಾಗಿ ಮೇಲಕ್ಕೇಳುತ್ತವೆ. ಮುಳುಗಿ ಮೇಯುವ ಕೆಂಪುತಲೆ ಬಾತಿನಂಥವು ಹಾರುವ ಮೊದಲು ನೀರಿನ ಮೇಲೆ ಒಂದಷ್ಟು ದೂರ ಓಡುತ್ತವೆ. ಕೆರೆಯಲ್ಲಿ ಯಾವ ಬಗೆಯವು ಹೆಚ್ಚಿವೆ ಎಂಬುದರಿಂದ ನೀರಿನ ಆಳವನ್ನೂ ಊಹಿಸಬಹುದು.

ಎಷ್ಟು ನೋಡಿದರೂ ಗುರುತು ಸಿಗದ ಹಕ್ಕಿ ಪ್ರತಿದಿನವೂ ಒಂದೆರಡು ಇದ್ದೇ ಇರುತ್ತವೆ. ಅವನ್ನು ಗುರುತಿಸಲಾಗದ ಬಾತು ಎಂದೇ ಬರೆಯಬೇಕು. ಊಹೆಯಿಂದ ಬರೆದ ಒಂದು ಹೆಸರು ಇಡೀ ಪಟ್ಟಿಯ ವಿಶ್ವಾಸವನ್ನು ಕೆಡಿಸುತ್ತದೆ. ಕನ್ನಡದಲ್ಲಿ ಓದಿ ಕಲಿಯುವವರಿಗೆ ನೆರವೂ ಉಂಟು. 2007ರಲ್ಲಿ ತೀರಿಕೊಂಡ, ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ ‘ಕನ್ನಡ ನಾಡಿನ ಹಕ್ಕಿಗಳು’ ಬರೆದರು, ವಿರಾಜಪೇಟೆಯ ಡಾ. ಎಸ್.ವಿ. ನರಸಿಂಹನ್ ‘ಕೊಡಗಿನ ಖಗರತ್ನಗಳು’ ರಚಿಸಿದರು.

ಎಣಿಕೆ, ದಾಖಲೆ, ಕೊರಳಪಟ್ಟಿ

ದೊಡ್ಡ ಹಿಂಡನ್ನು ಒಂದೊಂದಾಗಿ ಎಣಿಸಲಾಗದು. ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿಗೆ ರೂಢಿ ಮಾಡಿಕೊಳ್ಳಬೇಕು. ಬಳಿಕ ಅದೇ ಅಳತೆಯಲ್ಲಿ ನೂರರ ಗುಂಪು, ಆ ಗುಂಪುಗಳಿಂದ ಹಿಂಡು. ಇಬ್ಬರು ಪ್ರತ್ಯೇಕವಾಗಿ ಎಣಿಸಿ ಕೊನೆಗೆ ಹೋಲಿಸಿದರೆ ತಪ್ಪು ತಗ್ಗುತ್ತದೆ. ಸಂಖ್ಯೆಯ ಜೊತೆಗೆ ದಿನಾಂಕ, ವೇಳೆ, ಕೆರೆಯ ಹೆಸರು, ನೀರಿನ ಮಟ್ಟ, ಹಕ್ಕಿಗಳು ಏನು ಮಾಡುತ್ತಿದ್ದವು ಎಂಬ ವಿವರವೂ ಇರಬೇಕು. ಏನೂ ಕಾಣದ ದಿನ ‘ಇಲ್ಲ’ ಎಂದು ಬರೆಯುವುದಕ್ಕೂ ಅಷ್ಟೇ ಬೆಲೆಯಿದೆ. ಮೊದಲ ಹಕ್ಕಿ ಬಂದ ದಿನ ಯಾವುದೆಂದು ಖಚಿತವಾಗುವುದು ಹಿಂದಿನ ದಿನಗಳ ‘ಇಲ್ಲ’ಗಳಿಂದಲೇ.

ಇಂಥ ದಾಖಲೆಗಳಿಗೆ ಈ ನಾಡಿನಲ್ಲಿ ಒಂದು ಪರಂಪರೆಯಿದೆ. ಮೈಸೂರು ಸಂಸ್ಥಾನದ ಹಕ್ಕಿಗಳ ಕುರಿತು ಸಲೀಂ ಅಲಿ ನಡೆಸಿದ ಸಮೀಕ್ಷೆ 1942-43ರಲ್ಲಿ ಪ್ರಕಟವಾಯಿತು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ವಲಸೆ ಹಕ್ಕಿಗಳು ಬರುವ, ಹೋಗುವ ದಿನಗಳನ್ನು ಸಾಮಾನ್ಯ ಜನರಿಂದಲೇ ಸಂಗ್ರಹಿಸುವ ‘ಮೈಗ್ರಂಟ್ ವಾಚ್’ ಎಂಬ ಯೋಜನೆ 2007ರಲ್ಲಿ ಬೆಂಗಳೂರಿನಿಂದ ಆರಂಭವಾಗಿತ್ತು. ಈಗ ‘ಇ-ಬರ್ಡ್’ ಮೂಲಕ ಮೊಬೈಲ್ ಫೋನಿನಿಂದಲೇ ಪಟ್ಟಿಯನ್ನು ಕಳುಹಿಸಬಹುದು.

ಹೆಬ್ಬಾತುಗಳ ಕೊರಳಿನ ಮೇಲೂ ಒಂದು ಕಣ್ಣಿರಬೇಕು. ಅವು ಗರಿ ಉದುರಿಸಿ ಹಾರಲಾಗದಿರುವ ಬೇಸಿಗೆಯಲ್ಲಿ ಮಂಗೋಲಿಯಾದ ಸಂಶೋಧಕರು ಅವನ್ನು ಹಿಡಿದು, ಅಕ್ಷರ ಮತ್ತು ಅಂಕಿಗಳಿರುವ ಪ್ಲಾಸ್ಟಿಕ್ ಕೊರಳಪಟ್ಟಿ ತೊಡಿಸಿ ಬಿಡುತ್ತಾರೆ. ಹಾಗೆ ಪಟ್ಟಿ ತೊಟ್ಟ ಹಕ್ಕಿಗಳು 2010ರ ನಂತರದ ಚಳಿಗಾಲಗಳಲ್ಲಿ ಮೈಸೂರು ಸುತ್ತಲಿನ ಕೆರೆಗಳಲ್ಲಿ, ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಯಲ್ಲಿಯೂ, ಕಾಣಿಸಿಕೊಂಡವು. ಕೆರೆಯ ದಡದಲ್ಲಿ ಕುಳಿತವರು ದೂರದರ್ಶಕದಿಂದ ಓದಿ ಬರೆದುಕೊಂಡ ಎರಡು ಮೂರು ಅಕ್ಷರಗಳು ನಾಲ್ಕು ಸಾವಿರ ಕಿಲೋಮೀಟರ್ ದೂರದ ಎರಡು ನೀರುಗಳ ಸಂಬಂಧಕ್ಕೆ ಸಾಕ್ಷಿಯಾದವು.

ಒಂದೇ ವರ್ಷದ ಎಣಿಕೆಯಿಂದ ತೀರ್ಮಾನಕ್ಕೆ ಬರುವುದು ಮಾತ್ರ ಸಲ್ಲದು. ಒಂದು ಕೆರೆಯಲ್ಲಿ ಹೆಬ್ಬಾತು ಕಡಿಮೆಯಾದರೆ ಅದು ನಶಿಸುತ್ತಿದೆ ಎಂದೇ ಅರ್ಥವಲ್ಲ. ಮಳೆ ಹೆಚ್ಚಾಗಿ ಕೆರೆಯ ಅಂಚಿನ ಹುಲ್ಲು ಮುಳುಗಿರಬಹುದು, ನೆರೆಯ ಕೆರೆ ತುಂಬಿ ಹಿಂಡು ಹಂಚಿಹೋಗಿರಬಹುದು. ದಕ್ಷಿಣ ಟಿಬೆಟ್ಟಿನ ನದೀಕಣಿವೆಗಳಲ್ಲೇ ಚಳಿಗಾಲ ಕಳೆಯುವ ಹೆಬ್ಬಾತುಗಳ ಸಂಖ್ಯೆ ಇತ್ತೀಚಿನ ದಶಕಗಳಲ್ಲಿ ಹೆಚ್ಚಿದೆ. ಚಿಂಗ್‌ಹೈ ಸರೋವರದಲ್ಲಿ ಮಂಜುಗಡ್ಡೆ ಇರುವ ಅವಧಿ ಹಿಂದಿಗಿಂತ ಮೊಟಕಾಗಿದೆ. ಹವೆ ಬದಲಾಗುತ್ತಿರುವಾಗ ಹಕ್ಕಿಗಳ ದಾರಿ ಮತ್ತು ದಿನಾಂಕಗಳೂ ಬದಲಾಗುತ್ತವೆ. ಅದನ್ನು ತಿಳಿಯಲು ಒಂದೇ ಕೆರೆಯನ್ನು, ಒಂದೇ ಕ್ರಮದಲ್ಲಿ, ಹತ್ತು ಹದಿನೈದು ವರ್ಷ ನೋಡಿದ ದಾಖಲೆ ಬೇಕು. ಆ ಕೆಲಸವನ್ನು ಎಂದೋ ಒಮ್ಮೆ ಬಂದುಹೋಗುವ ತಜ್ಞರಿಗಿಂತ ಆ ಊರಿನ ಶಾಲೆ ಚೆನ್ನಾಗಿ ಮಾಡಬಲ್ಲದು.

ಮಲೆನಾಡಿಗೆ ಬರುವ ಅತಿಥಿಗಳು

ದೇವರಮನೆಯ ಕಣಿವೆಗಳಿಗೆ ಹೆಬ್ಬಾತಿನ ಹಿಂಡು ಇಳಿಯುವುದಿಲ್ಲ. ವಿಸ್ತಾರವಾದ ತೆರೆದ ನೀರು, ಸುತ್ತ ಮೇಯಲು ಬಯಲು ಇರುವ ಕೆರೆ ಅವಕ್ಕೆ ಬೇಕು. ಕಾಫಿ ತೋಟದ ನೆರಳಿನ ಕೆರೆಗಳೂ ಕಲ್ಲುಬಂಡೆಗಳ ಹಳ್ಳಗಳೂ ಅವಕ್ಕೆ ಒಗ್ಗುವುದಿಲ್ಲ. ಆದರೆ ಇಲ್ಲಿಗೂ ಉತ್ತರದ ಅತಿಥಿಗಳು ಬರುತ್ತಾರೆ. ಹಳ್ಳದ ಕಲ್ಲಿನಿಂದ ಕಲ್ಲಿಗೆ ಹಾರುತ್ತ ಉದ್ದನೆಯ ಬಾಲ ಕುಣಿಸುವ, ಹೊಟ್ಟೆ ಹಳದಿಯಾದ ಬೂದು ಸಿಪಿಲೆ ಸೆಪ್ಟೆಂಬರ್‌ನಲ್ಲೇ ಬಂದಿರುತ್ತದೆ. ಹೊಳೆಯಂಚಿನಲ್ಲಿ ಹಿಂಭಾಗವನ್ನು ಸದಾ ಮೇಲೆ ಕೆಳಗೆ ಆಡಿಸುವ ಗದ್ದೆಗೊರವ, ಎದ್ದು ಹಾರುವಾಗ ಬಾಲದ ಬುಡದ ಬಿಳುಪನ್ನು ತೋರುವ ಹಸಿರು ಗೊರವ, ಕೆಸರುಗದ್ದೆಯಲ್ಲಿ ಕಾಲ ಬುಡದಿಂದಲೇ ಥಟ್ಟನೆ ಏಳುವ ಉಲ್ಲಂಕಿ, ಇವೆಲ್ಲ ದೂರದಿಂದ ಬಂದವುಗಳೇ.

ಇವುಗಳ ಸ್ಥಿತಿ ನೆಮ್ಮದಿಯದಾಗಿಲ್ಲ. ಮಲೆನಾಡಿನ ಭತ್ತದ ಗದ್ದೆಗಳು ಎಷ್ಟೋ ಕಡೆ ಪಾಳುಬಿದ್ದಿವೆ, ಇಲ್ಲವೆ ಅಡಿಕೆ, ಕಾಫಿ, ಶುಂಠಿಗೆ ತಿರುಗಿವೆ. ಗದ್ದೆಯ ಬೇಸಾಯ ಕೈಗೆಟುಕದಂತಾದ ರೈತರನ್ನು ಅದಕ್ಕಾಗಿ ದೂರುವುದು ನ್ಯಾಯವಲ್ಲ. ಆದರೆ ಗದ್ದೆಯೊಂದಿಗೆ ಮಳೆನೀರು ತಿಂಗಳುಗಟ್ಟಲೆ ನಿಂತು ಇಂಗುವ ಜೌಗೂ ಹೋಗುತ್ತದೆ ಎಂಬುದನ್ನು ಗಮನಕ್ಕೆ ತರಲೇಬೇಕು.

ಇನ್ನೊಂದು ತೊಂದರೆ ತೋಟಗಳವರ ಕೈಯಲ್ಲೇ ಇದೆ. ಕಾಫಿ ಕೊಯ್ಲು, ಪಲ್ಪಿಂಗ್ ನಡೆಯುವುದು ನವೆಂಬರ್ ಕೊನೆಯಿಂದ ಫೆಬ್ರವರಿ, ಮಾರ್ಚ್‌ವರೆಗೆ. ವಲಸೆ ಹಕ್ಕಿಗಳು ಹಳ್ಳಗಳಲ್ಲಿರುವುದೂ ಆಗಲೇ, ಮಳೆ ನಿಂತು ಹಳ್ಳದ ಹರಿವು ಕ್ಷೀಣಿಸುವುದೂ ಆಗಲೇ. ಹಣ್ಣಿನ ಸಿಪ್ಪೆ, ಲೋಳೆಗಳಿಂದ ಕೂಡಿದ ಪಲ್ಪಿಂಗ್ ನೀರು ಹಳ್ಳಕ್ಕೆ ಸೇರಿದರೆ ಅದು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುತ್ತದೆ. ಮೀನು, ಏಡಿ, ಕಲ್ಲಡಿಯ ಹುಳುಗಳು ಸಾಯುತ್ತವೆ. ಸಿಪಿಲೆಯ ಆಹಾರ ಆ ಹುಳುಗಳೇ. ಕೆಳಗಿನ ಹಳ್ಳಿಯ ಜನ ಬಟ್ಟೆ ಒಗೆಯುವುದೂ, ದನಗಳಿಗೆ ಕುಡಿಸುವುದೂ ಆ ನೀರಿನಲ್ಲೇ. ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಕಳೆದು, ಶುದ್ಧೀಕರಿಸಿದ ಬಳಿಕ ತೋಟಕ್ಕೇ ಬಳಸುವ ಕ್ರಮ ಎಲ್ಲರಿಗೂ ತಿಳಿದದ್ದೇ. ಕತ್ತಲಾದ ಮೇಲೆ ಹಳ್ಳಕ್ಕೆ ಬಿಡುವ ಅಭ್ಯಾಸ ಎಲ್ಲಿ ಉಳಿದಿದೆಯೋ 그ಲ್ಲಿ ಹಕ್ಕಿಯ ಪಟ್ಟಿಯೇ ಅದನ್ನು ಹೊರಗೆಡಹುತ್ತದೆ: ಡಿಸೆಂಬರ್‌ವರೆಗೆ ಪ್ರತಿವಾರ ಕಂಡ ಸಿಪಿಲೆ ಜನವರಿಯಲ್ಲಿ ಕಾಣೆಯಾದರೆ ಹಳ್ಳದ ಮೇಲ್ಭಾಗಕ್ಕೆ ನಡೆದು ಹೋಗಿ ನೋಡುವುದು ಒಳಿತು.

ಬೆಟ್ಟದ ನೀರು ಬೆಟ್ಟದಲ್ಲೇ ಮುಗಿಯುವುದಿಲ್ಲ. ಬಾಬಾಬುಡನ್‌ಗಿರಿಯ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ಹೊಳೆಗಳು ಸಖರಾಯಪಟ್ಟಣದ ಅಯ್ಯನಕೆರೆ, ಕಡೂರು ಕಡೆಯ ಮದಗದಕೆರೆಗಳನ್ನು ತುಂಬಿ, ವೇದಾವತಿಯಾಗಿ ಚಿತ್ರದುರ್ಗ ಸೀಮೆಯ ವಾಣಿವಿಲಾಸ ಸಾಗರದವರೆಗೆ ಸಾಗುತ್ತವೆ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ ಗೊರೂರಿನ ಅಣೆಕಟ್ಟನ್ನು ದಾಟಿ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಅದರ ಕೆಳಗೆ ರಂಗನತಿಟ್ಟು ಇದೆ. ಶೋಲಾ ಕಾಡು ಮತ್ತು ಹುಲ್ಲುಗಾವಲು ಮಳೆಯನ್ನು ಹಿಡಿದಿಟ್ಟು ನಿಧಾನವಾಗಿ ಬಿಟ್ಟರೆ ಮಾತ್ರ ಬಯಲಿನ ಕೆರೆಯಲ್ಲಿ ಫೆಬ್ರವರಿಯಲ್ಲೂ ನೀರಿರುತ್ತದೆ. ದೇವರಮನೆಗೆ ಬರುವ ಪ್ರವಾಸಿಗಳ ವಾಹನಗಳು ಹುಲ್ಲುಗಾವಲಿನ ಮೇಲೆ ಹರಿದಾಡಿದಾಗ ಗಟ್ಟಿಯಾಗುವ ಮಣ್ಣು, ಅಷ್ಟರಮಟ್ಟಿಗೆ ನೀರು ಇಂಗಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಕೆರೆಯೂರಿನ ಜನ

ಹಕ್ಕಿಗಳನ್ನು ಉಳಿಸಿದ ಊರುಗಳ ಉದಾಹರಣೆ ಕರ್ನಾಟಕದಲ್ಲೇ ಇದೆ. ಗದಗ ಜಿಲ್ಲೆಯ ಮಾಗಡಿ ಕೆರೆ ಸುಮಾರು 50 ಹೆಕ್ಟೇರ್ ವಿಸ್ತಾರದ, ನೀರಾವರಿಗಾಗಿ ಜನರೇ ಕಟ್ಟಿಕೊಂಡ ಕೆರೆ. ಚಳಿಗಾಲದಲ್ಲಿ ಅಲ್ಲಿ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ತಂಗುತ್ತವೆ ಎಂದು ಅಧಿಕೃತ ವಿವರಗಳು ಹೇಳುತ್ತವೆ. ಹಗಲು ಕೆರೆಯಲ್ಲಿ ವಿಶ್ರಮಿಸಿ, ಮಬ್ಬುಗತ್ತಲಲ್ಲಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುವುದು ಅವುಗಳ ಕ್ರಮ. ಅಂದರೆ ಅವುಗಳ ಊಟದ ಒಂದು ಪಾಲು ರೈತರ ಹೊಲದಿಂದಲೇ ಬರುತ್ತದೆ. 2024ರ ಆರಂಭದಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಅದರೊಂದಿಗೆ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯೂ ಸೇರಿದವು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ ಮೊದಲ ತಾಣ ರಂಗನತಿಟ್ಟು, 2022ರಲ್ಲಿ. ಮದ್ದೂರು ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯಂಗಳದ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನು ಜನ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಂಡರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಈ ಎರಡೂ ಕಡೆ ಸರಕಾರದ ಆದೇಶ ಬರುವುದಕ್ಕೆ ಮೊದಲೇ ಹಕ್ಕಿಗಳು ಅಲ್ಲಿದ್ದವು, ಅವನ್ನು ಸಹಿಸಿಕೊಂಡ ಜನರೂ ಇದ್ದರು.

ಸಹನೆಗೆ ವೆಚ್ಚವಿದೆ ಎಂಬುದನ್ನು ಪರಿಸರದ ಕೆಲಸ ಮಾಡುವವರು ಮರೆಯುವಂತಿಲ್ಲ. ಬೆಳೆ ಕಳೆದುಕೊಂಡ ರೈತರಿಗೆ ಪರಿಹಾರ ಕೊಡದೆ ಹಕ್ಕಿಯ ಹಿರಿಮೆಯನ್ನಷ್ಟೇ ಹೇಳುವುದು ನಿಲ್ಲುವ ಮಾತಲ್ಲ. ಎಚ್ಚರಿಕೆಯೂ ಬೇಕು. 2005ರ ಬೇಸಿಗೆಯಲ್ಲಿ ಚಿಂಗ್‌ಹೈ ಸರೋವರದಲ್ಲಿ ಹಕ್ಕಿಜ್ವರದಿಂದ ಸುಮಾರು 6,000 ಹಕ್ಕಿಗಳು ಸತ್ತವು; ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಹಳ. ಕೆರೆಯಲ್ಲಿ ಒಟ್ಟಾಗಿ ಹಲವು ಹಕ್ಕಿಗಳು ಸತ್ತು ಬಿದ್ದಿರುವುದು ಕಂಡರೆ ಮುಟ್ಟದೆ, ಮಕ್ಕಳನ್ನೂ ನಾಯಿಗಳನ್ನೂ ದೂರವಿರಿಸಿ, ಪಶುಪಾಲನಾ ಇಲಾಖೆಗೆ ಹಾಗೂ ಅರಣ್ಯ ಇಲಾಖೆಗೆ ತಿಳಿಸಬೇಕು.

ಆಗಬೇಕಾದ ಕೆಲಸ

ಪ್ರತಿ ಶಾಲೆ ತನ್ನ ಸಮೀಪದ ಒಂದು ಕೆರೆ ಅಥವಾ ಹಳ್ಳದ ಒಂದು ಫರ್ಲಾಂಗು ಉದ್ದವನ್ನು ತನ್ನದೆಂದು ಆರಿಸಿಕೊಳ್ಳಲಿ. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ವಾರಕ್ಕೊಮ್ಮೆ, ಒಂದೇ ವೇಳೆಯಲ್ಲಿ, ಅರ್ಧ ಗಂಟೆ ನೋಡಿ ಬರೆಯಲಿ. ಮೊದಲ ಸಿಪಿಲೆ ಬಂದ ದಿನ, ಕೊನೆಯದು ಕಂಡ ದಿನ, ನೀರಿನ ಮಟ್ಟ, ನೀರಿನ ಬಣ್ಣ ಮತ್ತು ವಾಸನೆ, ಇವಿಷ್ಟೇ ಸಾಕು. ಜನವರಿಯ ಗಣತಿಗೆ ಹಿರಿಯ ವಿದ್ಯಾರ್ಥಿಗಳು ಕಡೂರು ಕಡೆಯ ಕೆರೆಗಳಿಗೆ ಹೋಗಿ ಬಾತುಗಳನ್ನು ಎಣಿಸಲಿ. ಶಾಲೆ ಬಿಟ್ಟುಹೋಗುವ ಮಕ್ಕಳು ಆ ಪುಸ್ತಕವನ್ನು ಮುಂದಿನ ತರಗತಿಯವರಿಗೆ ಒಪ್ಪಿಸಲಿ.

ಹಿರಿಯರಿಗೂ ಪಾಲಿದೆ. ಉಲ್ಲಂಕಿಗಳು ಗದ್ದೆಗೆ ಎಷ್ಟು ಬರುತ್ತಿದ್ದವು, ಯಾವ ಹಳ್ಳ ಬೇಸಿಗೆಯಿಡೀ ಹರಿಯುತ್ತಿತ್ತು ಎಂಬ ನೆನಪುಗಳು ಅವರಲ್ಲಿವೆ. ಅವನ್ನು ಕೇಳಿ, ವರ್ಷವನ್ನು ಆದಷ್ಟು ಖಚಿತಪಡಿಸಿಕೊಂಡು ಬರೆದಿಡಬೇಕು. ಗ್ರಾಮಸಭೆಯಲ್ಲಿ ಪಲ್ಪಿಂಗ್ ನೀರಿನ ಮಾತು, ಕೆರೆ ಒತ್ತುವರಿಯ ಮಾತು ಬಂದಾಗ ಹತ್ತು ವರ್ಷದ ದಿನಾಂಕಗಳಿರುವ ಒಂದು ಪುಸ್ತಕವನ್ನು ಮುಂದಿಟ್ಟರೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ.

ಮಾರ್ಚ್ ಮುಗಿಯುವ ಹೊತ್ತಿಗೆ ಬಯಲಿನ ಕೆರೆಗಳಿಂದ ಹೆಬ್ಬಾತುಗಳು ಹೋಗಿರುತ್ತವೆ. ಏಪ್ರಿಲ್‌ನಲ್ಲಿ, ಇಲ್ಲಿ ಕಾಫಿ ಹೂವಿನ ಮಳೆಗಾಗಿ ಜನ ಮುಗಿಲು ನೋಡುವ ದಿನಗಳಲ್ಲಿ, ಅವು ಅಲ್ಲಿ ಮಂಜುಗಡ್ಡೆಯ ಅಂಚಿನಲ್ಲಿ ನೀರು ತೆರೆದುಕೊಳ್ಳುವುದನ್ನು ಕಾಯುತ್ತಿರುತ್ತವೆ. ಅವು ಮರಳಿ ಬರುವ ನವೆಂಬರ್‌ಗೆ ಇಲ್ಲಿನ ನೀರನ್ನು ಸಿದ್ಧವಾಗಿಡುವ ಕೆಲಸ ಮುಂಗಾರಿಗೆ ಮೊದಲೇ, ಈ ಬೆಟ್ಟಗಳಲ್ಲಿ ಆರಂಭವಾಗಬೇಕು.